ಮನೆಗೆ ರಜೆ ಕೊಟ್ಟ ಹೆಡ್ಮಿಸ್ಸು

ಆ ಬೀದಿಯವರೆಲ್ಲ ಅವಳನ್ನು ಹೆಡ್ಮಿಸ್ಸು ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳು ಯಾವ ಶಾಲೆಯಲ್ಲೂ ಪಾಠ ಹೇಳಿದವಳಲ್ಲ. ಏಳು ಮಕ್ಕಳನ್ನು ಹೆತ್ತು, ಏಳರಲ್ಲಿ ಒಂದನ್ನೂ ಶಾಲೆಗೆ ಕಳಿಸದೆ, ಊಟದ ಮೇಜಿನ ಸುತ್ತ ಕೂರಿಸಿಕೊಂಡು ತಾನೇ ಕಲಿಸುತ್ತಿದ್ದಳು. ಕೆಳಗೆ ಗಂಡನ ಹಾಸಿಗೆ ಅಂಗಡಿ, ಮಹಡಿಯ ಮೇಲೆ ಇವಳ ಶಾಲೆ. ಕೆಳಗಿನ ಸರಕು ಮೆತ್ತಗಿತ್ತು, ಹಾಕಿದ ಕಡೆ ಬಿದ್ದಿರುತ್ತಿತ್ತು. ಮೇಲಿನ ಸರಕಿನ ಬಗ್ಗೆ ಹಾಗೆ ಖಾತರಿ ಕೊಡುವ ಧೈರ್ಯ ಹೆತ್ತವರಿಗೂ ಇರಲಿಲ್ಲ.

ಎಲ್ಲರಿಗಿಂತ ದೊಡ್ಡವಳು ಲಾಯರು. ವಾದ ಮಾಡದೆ ಒಂದು ಲೋಟ ಹಾಲು ಕುಡಿದವಳಲ್ಲ. ಎರಡನೆಯವನು ಗುಮ್ಮ. ಬಾಯಿ ತೆರೆದರೆ ಹಲ್ಲು ಉದುರಿಬಿಡುತ್ತವೆ ಎಂಬಂತೆ ತುಟಿ ಬಿಗಿದುಕೊಂಡು ಓಡಾಡುವ ಹುಡುಗ. ಆಮೇಲೆ ಒಂದು ಜೋಡಿ ಅವಳಿ. ಯಾರು ಯಾರೆಂದು ಗುರುತಿಸುವ ಕಷ್ಟವನ್ನು ಅವರಪ್ಪ ಎಂದೋ ಕೈಬಿಟ್ಟಿದ್ದ. ಐದನೆಯವಳ ಬಾಯಲ್ಲಿ ಹೊತ್ತಿಗೊಂದು ಯಾಕೆ, ಗಳಿಗೆಗೊಂದು ಯಾಕೆ. ಹಾಗಾಗಿ ಅವಳ ಹೆಸರೇ ಯಾಕೆ ಎಂದು ಬಿದ್ದುಹೋಗಿತ್ತು. ಆರನೆಯವನು ಮೂಟೆ, ನೋಡಿದರೆ ಕಾರಣ ಕೇಳಬೇಕಿರಲಿಲ್ಲ. ಕೊನೆಯದು ಚಿಲ್ಲರೆ. ಎಲ್ಲರನ್ನೂ ಲೆಕ್ಕ ಹಾಕಿ ಹೊರಗೆ ಕರೆದುಕೊಂಡು ಹೋಗುವಾಗ ಯಾವಾಗಲೂ ಮನೆಯಲ್ಲೇ ಉಳಿದುಹೋಗುತ್ತಿದ್ದುದು ಅದು.

ಹೆಡ್ಮಿಸ್ಸಿಗೆ ಒಂದು ಮಾತಿತ್ತು. ಅಂಗಡಿಗೆ ಬೋರ್ಡು ಇದ್ದ ಹಾಗೆ ಅದನ್ನು ಕಂಡಕಂಡವರ ಮುಂದೆ ತೂಗುಹಾಕುತ್ತಿದ್ದಳು.

"ನಮ್ಮನೇಲಿ ಎಲ್ಲಾನೂ ಪಾಠಾನೇ ಕಣ್ರೀ. ಪಾತ್ರೆ ತೊಳೆಯೋದು ವಿಜ್ಞಾನ. ಹೊದಿಕೆ ಮಡಚೋದು ಭಿನ್ನರಾಶಿ. ಸ್ನಾನ ಮಾಡಿದ್ರೆ ಬಕೆಟ್ಟಿನ ಅಳತೆ ಗೊತ್ತಾಗತ್ತೆ. ಪುಸ್ತಕ ತೆಗೀಲೇಬೇಕು ಅಂತೇನಿಲ್ಲ."

ಕೇಳಿದವರು "ಹೌದಾ!" ಎಂದು ಬಾಯಿಬಿಡುತ್ತಿದ್ದರು. ಪಾತ್ರೆ ತೊಳೆಸಿಕೊಳ್ಳುವುದಕ್ಕೆ ಇಷ್ಟು ಮರ್ಯಾದೆಯ ಹೆಸರು ಕೊಡಬಹುದೆಂದು ಅವರಿಗೂ ಹೊಳೆದಿರಲಿಲ್ಲ.

ವರ್ಷದ ಕೊನೆಯ ರಜೆ ಬಂತು. ಊರಿನ ಶಾಲೆಗಳೆಲ್ಲ ಬಾಗಿಲು ಹಾಕಿದವು. ಅಂಗಡಿಗಳ ಮುಂದೆ ಬಣ್ಣದ ದೀಪದ ಸರಗಳು ಬಂದವು. ಎಲ್ಲರ ಮನೆಗೂ ನೆಂಟರು ಬರುವ ಕಾಲವಾದ್ದರಿಂದ ಹಾಸಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರಿನ ಟೈಲರನ ಮಕ್ಕಳು ಬೆಳಗಾದರೆ ಬೀದಿಗೆ ಚೆಂಡು ತಂದು, ಮಹಡಿಯ ಕಿಟಕಿ ನೋಡಿ ಕೂಗುತ್ತಿದ್ದರು: "ನಮಗೆ ರಜಾ! ನಿಮಗೆ ಯಾವಾಗ ರಜಾ?"

ಕಿಟಕಿಯಲ್ಲಿ ಏಳು ಮುಖಗಳು ಒಂದರ ಮೇಲೊಂದು ಪೇರಿಸಿದಂತೆ ನಿಂತು ನೋಡಿದವು. ಆಮೇಲೆ ಲಾಯರು ಅಡುಗೆಮನೆಗೆ ಬಂದಳು.

"ಅಮ್ಮ, ನಮಗೂ ರಜಾ ಬೇಕು."

"ನೀವಿರೋದೇ ಮನೇಲಿ. ಎಲ್ಲಿಂದ ಎಲ್ಲಿಗೆ ರಜಾ?"

"ಅದೇ ಕಷ್ಟ. ಅವರಿಗೆ ಶಾಲೆ ಬಿಟ್ಟು ಬರೋಕೆ ಒಂದು ಮನೆ ಇದೆ. ನಮಗೆ ಏನಿದೆ?"

ಹೆಡ್ಮಿಸ್ಸು ಒಳ್ಳೆಯ ಮೂಡಿನಲ್ಲಿದ್ದಳು. ಸರಿ, ಬೀದಿಯ ದೀಪದ ಸರ ಇಳಿಸುವವರೆಗೆ ಪಾಠ ಬಂದ್ ಎಂದಳು. ಕೈಕುಲುಕಿ ವ್ಯವಹಾರ ಮುಗಿಸಿದರು. ಏನು ಕೊಟ್ಟೆ ಎಂದು ಪೂರ್ತಿ ನೋಡದೆ ಕೈಕುಲುಕಿದ್ದು ಅವಳದೇ ತಪ್ಪು.

ಮರುದಿನ ತಿಂಡಿಯಾದ ಮೇಲೆ ಒಂಬತ್ತು ತಟ್ಟೆ ಮೇಜಿನ ಮೇಲೆ ಹಾಗೇ ಕೂತಿದ್ದವು. ಹೊದಿಕೆಗಳು ನೆಲದ ಮೇಲೆ ಗುಡ್ಡೆ ಬಿದ್ದಿದ್ದವು. ಬಚ್ಚಲು ಒಣಗಿತ್ತು.

"ಪಾತ್ರೆ ಯಾರು ತೊಳೀತೀರಾ?"

"ಅದು ವಿಜ್ಞಾನ," ಎಂದಳು ಲಾಯರು. "ರಜಾ."

"ಸ್ನಾನ?"

"ಅಳತೆ. ಅದೂ ರಜಾ. ನೀನೇ ತಾನೆ ಹೇಳಿದ್ದು ಎಲ್ಲಾನೂ ಪಾಠ ಅಂತ?"

ಇಷ್ಟು ವರ್ಷ ಬೀದಿಗೆಲ್ಲ ಮಾರಿದ ಮಾತು. ಈಗ ವಾಪಸು ತೆಗೆದುಕೊಳ್ಳುವುದಾದರೆ ಮೊದಲು ಯಾರ ಮನೆಗೆ ಹೋಗುವುದು? ಹೆಡ್ಮಿಸ್ಸು ತಾನೇ ಸೆರಗು ಸಿಕ್ಕಿಸಿ ತಟ್ಟೆ ತೊಳೆದಳು.

ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಸಂಜೆ ಗಂಡ ಮೈತುಂಬ ಹತ್ತಿ ಮೆತ್ತಿಕೊಂಡು ಮೇಲೆ ಬಂದ. ಕುರ್ಚಿಯ ತುದಿಯಲ್ಲಿ ಕೂತ. ತುದಿಯಲ್ಲಿ ಕೂತನೆಂದರೆ ಏನೋ ಎಡವಟ್ಟು ಮಾಡಿದ್ದಾನೆಂದೇ ಲೆಕ್ಕ.

"ಅಕ್ಕ ಬರ್ತಾಳಂತೆ."

"ಬರಲಿ ಬಿಡಿ. ರಜಾ ಅಲ್ವಾ?"

"ಸುಮ್ನೆ ಅಲ್ಲ. ಮಕ್ಕಳು ಏನು ಕಲ್ತಿದಾರೆ ಅಂತ ನೋಡ್ತಾಳಂತೆ. ಏನೂ ಕಲ್ತಿಲ್ಲ ಅನ್ನಿಸಿದ್ರೆ ದೊಡ್ಡವರಿಬ್ಬರನ್ನೂ ಕರ್ಕೊಂಡು ಹೋಗಿ ಅವಳ ಊರಲ್ಲಿ ಶಾಲೆಗೆ ಹಾಕ್ತಾಳಂತೆ. ನಾನು… ಹೂಂ ಅಂದುಬಿಟ್ಟೆ."

"ಯಾಕೆ ಹೂಂ ಅಂದ್ರಿ?"

"ಗಿರಾಕಿ ನಿಂತಿದ್ರು. ಫೋನ್ ಇಡಲೇ ಇಲ್ಲ ಅವಳು."

ಗಂಡನ ಅಕ್ಕ, ಮಕ್ಕಳ ದೊಡ್ಡತ್ತೆ, ಅಸಲಿ ಮಾಲು. ಜೀವಮಾನವೆಲ್ಲ ನಿಜವಾದ ಶಾಲೆಯಲ್ಲಿ ನಿಜವಾದ ಹೆಡ್ಮಿಸ್ಸಾಗಿದ್ದು ನಿವೃತ್ತಿಯಾದವಳು. ಅವಳು ನಡೆದರೆ ಜಗುಲಿಯ ಬೆಕ್ಕೂ ನೆಟ್ಟಗೆ ಕೂರುತ್ತಿತ್ತು. ಅವಳ ಮುಂದೆ ಲಾಯರೂ ಗುಮ್ಮನೂ ಒಂದು ಪ್ರಶ್ನೆಗಾದರೂ ಉತ್ತರ ಹೇಳಲೇಬೇಕು, ಇಲ್ಲದಿದ್ದರೆ ಏಳರಲ್ಲಿ ಇಬ್ಬರು ಕೈತಪ್ಪಿದಂತೆ. ಮಕ್ಕಳಿಗೆ ವಿಷಯ ತಿಳಿಸಿದರೆ ಹೆದರಿಯಾದರೂ ಪಟಪಟನೆ ಒಪ್ಪಿಸುತ್ತಿದ್ದವು. ಆದರೆ ಹೆದರಿಸಿ ಕಲಿಸಬಾರದೆಂದೇ ಅಲ್ಲವೇ ಇಷ್ಟೆಲ್ಲ ಪಡಿಪಾಟಲು? ಹೆಡ್ಮಿಸ್ಸು ವಿಷಯವನ್ನು ನುಂಗಿಕೊಂಡಳು.

ದೊಡ್ಡತ್ತೆ ಬಂದಳು. ಹೊಸಿಲು ದಾಟಿದವಳೇ ಹೊದಿಕೆಯ ಗುಡ್ಡ ನೋಡಿದಳು, ಸ್ನಾನ ಕಾಣದ ಏಳು ತಲೆ ನೋಡಿದಳು, ಚೀಲವನ್ನೂ ಕೆಳಗಿಡದೆ ಗುಮ್ಮನ ಮುಂದೆ ನಿಂತಳು.

"ಹದಿನೇಳು ಎಂಟ್ಲಿ ಎಷ್ಟು?"

ಗುಮ್ಮ ಗುಮ್ಮನಾಗಿಯೇ ನಿಂತ. ಅವನ ಹಿಂದಿನಿಂದ ಯಾಕೆ ಇಣುಕಿದಳು.

"ದೊಡ್ಡತ್ತೆ, ಅದು ನಿಮಗೆ ಗೊತ್ತಿಲ್ವಾ?"

"ಗೊತ್ತು."

"ಗೊತ್ತಿದ್ದೂ ಯಾಕೆ ಕೇಳ್ತೀರಾ?"

ಅಸಲಿ ಹೆಡ್ಮಿಸ್ಸನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಲಾಯರು ಮುಂದೆ ಬಂದು ವಿನಯವಾಗಿ ವಿವರಿಸಿದಳು: "ಈಗ ರಜಾ ದೊಡ್ಡತ್ತೆ. ಉತ್ತರ ಗೊತ್ತಿರೋ ಪ್ರಶ್ನೆ ಕೇಳಿದ್ರೆ ಅದು ಪಾಠ. ನಿಮಗೆ ಗೊತ್ತಿಲ್ಲದ್ದು ಏನಾದ್ರೂ ಕೇಳಿ. ಅದಕ್ಕೆ ಅಡ್ಡಿಯಿಲ್ಲ."

"ನನಗೆ ಗೊತ್ತಿಲ್ಲದ್ದು?" ದೊಡ್ಡತ್ತೆ ಸುತ್ತ ನೋಡಿದಳು, ಅಂಥ ವಸ್ತು ಈ ಮನೆಯಲ್ಲಿ ಎಲ್ಲಿಟ್ಟಿದ್ದಾರೆ ಎನ್ನುವಂತೆ. ಆಮೇಲೆ ತಮ್ಮನ ಹೆಂಡತಿಯ ಕಡೆ ತಿರುಗಿ, "ಇಬ್ಬರ ಬಟ್ಟೆ ಕಟ್ಟಿಡು" ಎಂದಳು.

ಆ ರಾತ್ರಿ ದೊಡ್ಡತ್ತೆಗೆ ಮುಂಭಾಗದ ಕೋಣೆಯಲ್ಲಿ, ಬೀದಿಯ ಕಿಟಕಿಯ ಪಕ್ಕ, ಅಂಗಡಿಯ ಅತಿ ಒಳ್ಳೆಯ ಹಾಸಿಗೆ ಹಾಕಿದರು. ಬೆಳಿಗ್ಗೆ ಎಲ್ಲರ ಕಣ್ಣೂ ಕೆಂಪಗಿದ್ದವು.

"ಅಕ್ಕ, ರಾತ್ರಿ ಚೆನ್ನಾಗಿ ಗೊರಕೆ ಹೊಡೆದೆ. ಹಾಸಿಗೆ ಹಿಡಿಸಿತು ಅನ್ನು," ಎಂದ ತಮ್ಮ, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ.

ದೊಡ್ಡತ್ತೆಯ ಲೋಟ ನಡುದಾರಿಯಲ್ಲಿ ನಿಂತಿತು. "ಗೊರಕೆನಾ? ನಾನಾ? ನಾನು ಗೊರಕೆ ಹೊಡೆಯೋದೇ ಇಲ್ಲ. ಹೊಡೀತಿದ್ದದ್ದು ನಿಮ್ಮ ಭಾವ."

"ಭಾವ ತೀರಿಕೊಂಡು ಬಹಳ ದಿನ ಆಯ್ತಲ್ಲಕ್ಕ."

"ಹೊಡೀತೀರಾ ದೊಡ್ಡತ್ತೆ!" ಎಂದಿತು ಚಿಲ್ಲರೆ. "ಗರ್‌ರ್‌ರ್ ಅಂತ! ಬೀದಿಗೆಲ್ಲ ಕೇಳತ್ತೆ!"

"ಬೀದಿಗಾ? ಎಲ್ಲೀವರೆಗೆ ಕೇಳತ್ತಂತೆ?"

ಲಾಯರು ಚಮಚ ಕೆಳಗಿಟ್ಟಳು. "ಎಲ್ಲೀವರೆಗೆ ಕೇಳತ್ತೆ ಅಂತ ನಿಮಗೆ ಗೊತ್ತಾ?"

"ನನಗೆ ಹೇಗೆ ಗೊತ್ತಿರತ್ತೆ? ನಾನು ನಿದ್ದೇಲಿರ್ತೀನಿ!"

ಏಳು ಜೊತೆ ಕಣ್ಣುಗಳಲ್ಲಿ ದೀಪ ಹತ್ತಿತು.

"ಗೊತ್ತಿಲ್ಲ ಅಂದ್ರು!" ಎಂದು ಯಾಕೆ ಕಿರುಚಿದಳು.

ಮಧ್ಯಾಹ್ನ ಊಟ ಮುಗಿಸಿ ದೊಡ್ಡತ್ತೆ ಕಿಟಕಿಯ ಪಕ್ಕದ ಅದೇ ಹಾಸಿಗೆಯಲ್ಲಿ ಒರಗಿದಳು. ತಾನು ಗೊರಕೆ ಹೊಡೆಯುವುದಿಲ್ಲವೆಂದು ತೋರಿಸಲಿಕ್ಕೇ ಮಲಗಿದವಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಶುರುಮಾಡಿದಳು. ಮೊದಲು ಮರ ಕುಯ್ಯುವ ಹಾಗೆ, ಆಮೇಲೆ ಕುಯ್ದ ಮರವನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಹೋಗುವ ಹಾಗೆ.

ಮಕ್ಕಳು ಸೀಮೆಸುಣ್ಣ ಹಿಡಿದು ಕೆಲಸಕ್ಕಿಳಿದವು. ಕೇಳಿಸುವ ಕಡೆಯೆಲ್ಲ ಒಂದು ಗೆರೆ. ಕೋಣೆಯ ಬಾಗಿಲಲ್ಲಿ ಒಂದು, ಮೆಟ್ಟಿಲ ತಿರುವಿನಲ್ಲಿ ಒಂದು, ಗೇಟಿನಲ್ಲಿ ಒಂದು. ಗೆರೆಗಳು ಬೀದಿ ದಾಟಿ ಟೈಲರನ ಅಂಗಡಿಯನ್ನೂ ಹಿಂದೆ ಹಾಕಿ ಮೂಲೆಯ ಬೇಕರಿಯ ಕಡೆ ಹೊರಟವು. ಗೆರೆಯಿಂದ ಗೆರೆಗೆ ದೂರ ಅಳೆಯಲು ಮೂಟೆಯನ್ನು ರಸ್ತೆಯಲ್ಲಿ ಉದ್ದಕ್ಕೆ ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸಿದರು. ಅವಳಿಗಳಲ್ಲಿ ಒಬ್ಬ ಮೂಟೆಗೆ ಎಷ್ಟು ಅಡಿ ಎಂದು ಗುಣಿಸುತ್ತಿದ್ದ. ಇನ್ನೊಬ್ಬ ತಪ್ಪು ತೋರಿಸುತ್ತಿದ್ದ.

ಹೆಡ್ಮಿಸ್ಸು ಕಿಟಕಿಯಲ್ಲಿ ನಿಂತು ನೋಡಿದಳು. ಅಳತೆ, ಗುಣಾಕಾರ, ಭಾಗಾಕಾರ, ಶಬ್ದ, ಎಲ್ಲ ಬೀದಿಯಲ್ಲಿ ರಾಶಿ ಬಿದ್ದಿತ್ತು. "ನೋಡಿದ್ರಾ, ಇದೂ ಪಾಠಾನೇ" ಎಂಬ ಮಾತು ಗಂಟಲವರೆಗೆ ಬಂತು. ಆಡಿದರೆ ಏಳೂ ಅಲ್ಲೇ ಸೀಮೆಸುಣ್ಣ ಬಿಸಾಕುತ್ತವೆ. ಸೆರಗು ಬಾಯಿಗೆ ತುರುಕಿಕೊಂಡಳು. ಇಷ್ಟು ಒಳ್ಳೆಯ ಮಾಲು ಕೈಯಲ್ಲಿದ್ದೂ ಕೂಗಿ ಮಾರುವ ಹಾಗಿಲ್ಲವೆಂದರೆ ಅದರ ಸಂಕಟ ಬೇರೆ.

ಬೇಕರಿಯ ಮುಂದೆ ಯಾಕೆ ಸೊಂಟದ ಮೇಲೆ ಕೈಯಿಟ್ಟಳು. "ಇದು ದೊಡ್ಡತ್ತೆದೇ ಅಂತ ಯಾಕೆ ಅನ್ಕೋಬೇಕು? ಬೇಕರಿ ಮಿಷಿನ್ ಆಗಿದ್ರೆ?"

ಎಲ್ಲರೂ ಯೋಚಿಸಿದರು. ಆಗ ಗುಮ್ಮ ಬಾಯಿಬಿಟ್ಟ.

"ಮೂಗು ಹಿಡಿಬೇಕು. ನಿಂತ್ರೆ ಅವರದು."

ಮೂಗು ಹಿಡಿದಾಗ ಬೀಸಲು ಕಿಟಕಿಯ ಹತ್ತಿರ ಕೆಂಪು ಟವೆಲು ಹಿಡಿದು ಒಬ್ಬ ಅವಳಿ. ಬೇಕರಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಟವೆಲು ನೋಡಿ ಮೋಸ ಮಾಡದ ಹಾಗೆ, ಲಾಯರು. ಹೆಡ್ಮಿಸ್ಸು ತಿರುಗಿ ನೋಡುವಾಗ ಚಿಲ್ಲರೆ ಹಾಸಿಗೆಯ ಮೇಲೆ ಹತ್ತಿ, ಎರಡು ಪುಟ್ಟ ಬೆರಳಿನಿಂದ ಅಸಲಿ ಹೆಡ್ಮಿಸ್ಸಿನ ಮೂಗು ಹಿಡಿದಿತ್ತು.

ಗೊರಕೆ ನಿಂತಿತು. ಟವೆಲು ಆಡಿತು. ಬೀದಿಯ ತುದಿಯಿಂದ ಲಾಯರ ದನಿ: "ನಿಂತಿತು!" ಚಿಲ್ಲರೆ ಬೆರಳು ತೆಗೆಯಿತು. ಮರ ಎಳೆಯುವ ಕೆಲಸ ಮುಂದುವರಿಯಿತು. "ಮತ್ತೆ ಬಂತು!"

ಮೂರನೆಯ ಸಲ ಹಿಡಿಯುವಾಗ ದೊಡ್ಡತ್ತೆ ಕಣ್ಣು ಬಿಟ್ಟಳು.

"ಏನೋ ಅದು?"

"ಬೇಕರೀವರೆಗೆ ಕೇಳತ್ತೆ ದೊಡ್ಡತ್ತೆ," ಎಂದಿತು ಚಿಲ್ಲರೆ, ಮೂಗು ಬಿಡದೆ. "ನಿಮ್ಮದೇ. ನೋಡಾಯ್ತು."

ದೊಡ್ಡತ್ತೆ ಚಪ್ಪಲಿ ಮೆಟ್ಟಿ ಗೆರೆಗಳ ಹಿಂದೆ ಹೊರಟಳು. ಅಂಗಡಿಯಲ್ಲಿ ಹಾಸಿಗೆ ಒತ್ತಿ ನೋಡುತ್ತಿದ್ದ ಗಂಡಹೆಂಡತಿ, "ಮೇಲೆ ಮಲಗಿದ್ದೋರು ಎದ್ದುಬಿಟ್ರಾ? ಅವರದ್ದು ಯಾವ ಹಾಸಿಗೆ? ಅದೇ ಕೊಡಿ" ಎನ್ನುತ್ತಿದ್ದರು. ಟೈಲರ ಮಿಷಿನ್ ನಿಲ್ಲಿಸಿ ನಮಸ್ಕಾರ ಮಾಡಿದ. ಬೇಕರಿಯವನು ಮಾತ್ರ ತಿಳಿಯದವನಂತೆ, "ಅಮ್ಮಾ, ನಿಮ್ಮ ಕಡೆ ಹಿಟ್ಟಿನ ಗಿರಣಿಗೆ ರಜಾ ಇಲ್ವಾ?" ಎಂದು ಕೇಳಿದ.

ಕೊನೆಯ ಗೆರೆಯ ಮೇಲೆ ನಿಂತು ದೊಡ್ಡತ್ತೆ, ಹಿಂದೆಯೇ ಬಂದ ಮಕ್ಕಳ ಕಡೆ ತಿರುಗಿದಳು. "ಮೂಗು ಹಿಡಿಯೋ ಯೋಚನೆ ಯಾರದು?"

ಆರು ಬೆರಳು ಗುಮ್ಮನ ಕಡೆ ತಿರುಗಿದವು.

"ಕಣ್ಣು ಕಟ್ಟಿಕೊಂಡದ್ದು?"

"ನಾನು," ಎಂದಳು ಲಾಯರು. "ಸಾಕ್ಷಿ ಅಂದ್ಮೇಲೆ ಕೆಡಬಾರದಲ್ವಾ?"

ದೊಡ್ಡತ್ತೆ ಮನೆಗೆ ಬಂದು ಚಹಾ ಕೇಳಿದಳು. ಹೆಡ್ಮಿಸ್ಸು ತಂದುಕೊಟ್ಟಳು.

"ಆ ಬಟ್ಟೆ ಕಟ್ಟಿದ್ಯಾ?"

"ಇಲ್ಲ ಅತ್ತಿಗೆ."

"ಕಟ್ಟಬೇಡ." ಒಂದು ಗುಟುಕು ಕುಡಿದಳು. "ಕಲ್ತಿದಾವೆ. ಬೇಕಾದ್ದಕ್ಕಿಂತ ಜಾಸ್ತೀನೇ ಕಲ್ತಿದಾವೆ. ನಮ್ಮೂರಲ್ಲಿ ಇಷ್ಟು ವರ್ಷ ಗೊರಕೆ ನಮ್ಮ ಯಜಮಾನ್ರದು ಅಂತ ಹೇಳ್ಕೊಂಡು ಬಂದಿದೀನಿ. ಈ ಇಬ್ಬರನ್ನ ಅಲ್ಲಿಗೆ ಕರ್ಕೊಂಡು ಹೋದ್ರೆ ನನ್ನ ಶಾಲೆ ಗೇಟಿನವರೆಗೂ ಗೆರೆ ಎಳೀತಾರೆ. ಇಲ್ಲೇ ಇರಲಿ." ಆಮೇಲೆ ಮೇಜಿನ ಮೇಲಿನ ಎಂಜಲು ತಟ್ಟೆಗಳ ಕಡೆ ಮೂಗು ಮುರಿದಳು. "ಇದನ್ನ ಯಾಕೆ ಯಾರೂ ತೊಳ್ದಿಲ್ಲ?"

"ಅದು ಪಾಠ ದೊಡ್ಡತ್ತೆ. ರಜಾ."

"ತಟ್ಟೆ ತೊಳೆಯೋದು ಪಾಠನಾ? ಯಾವ ತಲೆಕೆಟ್ಟೋರು ಹೇಳಿದ್ದು?"

ಏಳು ತಲೆಗಳೂ ಒಟ್ಟಿಗೆ ತಾಯಿಯ ಕಡೆ ತಿರುಗಿದವು. ಹೆಡ್ಮಿಸ್ಸು ಮನಸ್ಸಿನಲ್ಲೇ ತೂಗಿ ನೋಡಿದಳು. ಒಂದು ಕಡೆ ಇಷ್ಟು ವರ್ಷದ ಬೋರ್ಡು, ಇನ್ನೊಂದು ಕಡೆ ಇಬ್ಬರು ಮಕ್ಕಳು, ಮೇಲೆ ಒಂದು ರಾಶಿ ತಟ್ಟೆ. ಸೋವಿ ವ್ಯಾಪಾರ.

"ತಟ್ಟೆ ತಟ್ಟೆನೇ," ಎಂದಳು. "ಸ್ನಾನ ಸ್ನಾನಾನೇ. ಏಳಿ ಎಲ್ರೂ."

ಗೊಣಗುತ್ತ ಏಳೂ ಎದ್ದವು. ಬಚ್ಚಲಲ್ಲಿ ನೀರು ಬೀಳುವ ಸದ್ದು, ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ದೊಡ್ಡತ್ತೆ ಗೆರೆಗಳನ್ನು ಅಳಿಸಿಬರುತ್ತೇನೆಂದು ಒದ್ದೆ ಬಟ್ಟೆ ಹಿಡಿದು ಬೀದಿಗಿಳಿದಳು. ಅಳಿಸಬೇಡವೆಂದು ಅವಳ ತಮ್ಮ ಅಂಗಡಿಯಿಂದಲೇ ಗೋಗರೆಯುತ್ತಿದ್ದ. ನಾಳೆ ಮಧ್ಯಾಹ್ನವೂ ಆ ಕಿಟಕಿಯ ಪಕ್ಕವೇ ಮಲಗು ಎಂಬುದು ಅವನ ಇನ್ನೊಂದು ಬೇಡಿಕೆ.

ಕೋಣೆ ಖಾಲಿಯಾಗಿತ್ತು. ಅತಿ ಒಳ್ಳೆಯ ಹಾಸಿಗೆಯೂ ಖಾಲಿಯಾಗಿತ್ತು. ಹೆಡ್ಮಿಸ್ಸು ಮೆಲ್ಲಗೆ ಅದರ ಮೇಲೆ ಅಡ್ಡಾದಳು. ಹಾಸಿಗೆಯವನನ್ನು ಕಟ್ಟಿಕೊಂಡು ಇಷ್ಟು ವರ್ಷವಾದರೂ ಹಗಲಲ್ಲಿ ಮೈ ಚಾಚಿದ್ದು ಅದೇ ಮೊದಲು. ಕಣ್ಣು ಮುಚ್ಚುವಷ್ಟರಲ್ಲಿ ತಲೆದಿಂಬಿನ ಬಳಿ ಸೋಪಿನ ವಾಸನೆ ಬಂತು. ಯಾಕೆ ನಿಂತಿದ್ದಳು, ಕೂದಲಿಂದ ನೀರು ತೊಟ್ಟಿಕ್ಕುತ್ತ, ಒದ್ದೆ ಕೈಯಲ್ಲಿ ಸೀಮೆಸುಣ್ಣ.

"ಅಮ್ಮ, ನೀನೂ ಗೊರಕೆ ಹೊಡೀತೀಯಾ?"

ಹೆಡ್ಮಿಸ್ಸಿಗೆ ಅದು ಖಂಡಿತ ಗೊತ್ತಿರಲಿಲ್ಲ.

"ಗೊತ್ತು," ಎಂದಳು ಥಟ್ಟನೆ. "ಉತ್ತರ ನನಗೆ ಗೊತ್ತು. ಹೋಗು."