ಫೋಟೋದ ಮೇಲಿನ ಹೂಗಳು

ನನಗೆ ಗ್ರಾಫಿಕ್ಸ್ ಸಾಫ್ಟ್‌ವೇರ್ ಬರುತ್ತದೆಂದು ಪಕ್ಕದ ಮನೆಯ ಆಂಟಿಗೆ ತಿಳಿದ ದಿನವೇ ನನ್ನ ಭಾನುವಾರಗಳು ಮುಗಿದವು. ಅವರು ಉಡುಪಿ ಕಡೆಯವರು. ವಡೋದರಾದ ಫತೇಗಂಜ್‌ನಲ್ಲಿ ಗಂಡನ ಹೋಟೆಲು. ಕಂಪ್ಯೂಟರಿನಲ್ಲೇ ಫೋಟೋ ಸಿಂಗರಿಸಿಡುವ ಡಿಜಿಟಲ್ ಸ್ಕ್ರ್ಯಾಪ್‌ಬುಕ್ಕಿನ ಪುಟಗಳಿಗೆ ಹೂವು, ರಿಬ್ಬನ್ನು, ಗುಂಡಿ ಮಾಡಿ ಅಂಟಿಸುವುದು ಅವರ ಹುಚ್ಚು. ಹಣೆ ಪರದೆಗೆ ತಾಗುವಷ್ಟು ಬಾಗಿ, "ಇನ್ನೂ ಚೂರು ಮೆತ್ತಗೆ ಕಾಣ್ಬೇಕು ಮಾರಾಯ್ತಿ" ಎನ್ನುವರು. ಪರದೆಯ ಮೇಲಿನ ರಿಬ್ಬನ್ನು ಎಷ್ಟೆಂದು ಮೆತ್ತಗಾದೀತು? ಹೇಳಿ ಹೇಳಿ ಸೋತಿದ್ದೆ.

ಒಮ್ಮೆ ಒಂದೇ ಹೂವಿಗೆ ಮಧ್ಯಾಹ್ನವಿಡೀ ಕೂರಿಸಿದರು. ರೇಗಿ ಕೇಳಿದೆ, "ಯಾರಿಗೆ ಆಂಟಿ ಇಷ್ಟೆಲ್ಲ?"

ಆಗ ಫೋಟೋ ತೆರೆದರು. ಹಜೀರಾದಲ್ಲಿರುವ ತಂಗಿಯ ಹೆಣ್ಣುಮಗು. ಹುಟ್ಟಿದ ಆಸ್ಪತ್ರೆಯಲ್ಲೇ ತೀರಿಕೊಂಡಿತ್ತು. ಇದ್ದದ್ದು ಅದೊಂದೇ ಫೋಟೋ, ಅದರಲ್ಲೂ ಮೂಗಿಗೆ ಟ್ಯೂಬು. ಆ ಟ್ಯೂಬು ಹೂಗಳ ಕೆಳಗೆ ಮುಚ್ಚಿಹೋಗಬೇಕಿತ್ತು. ಹಾಗೇ ಮಾಡಿಕೊಟ್ಟೆ.

ಕಳಿಸಿದ ಕೂಡಲೇ ತಂಗಿಯ ಫೋನು ಬಂತು. "ಹೂ ತೆಗಿ ಅಕ್ಕ. ನಾನು ಅವಳನ್ನು ನೋಡಿದ್ದೇ ಟ್ಯೂಬು ಸಮೇತ. ಇದು ಬೇರೆ ಯಾರದ್ದೋ ಮಗುವಿನ ಹಾಗೆ ಉಂಟು."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆಂಟಿ ಮಾತ್ರ ತಾವೇ ಒಂದೊಂದು ಹೂವನ್ನೂ ಅಳಿಸಿದರು.

ಮುಂದಿನ ವಾರ ತಂಗಿಯೇ ವಡೋದರಾಕ್ಕೆ ಬಂದಳು. ಅಕ್ಕನ ಪಕ್ಕ ಕುಳಿತು, ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು, ಫೋಟೋದ ಕೆಳಗೆ ಮಗುವಿನ ಹೆಸರು ಬರೆದಳು. ಆ ಮಗುವಿಗೊಂದು ಹೆಸರಿತ್ತೆಂದು ಅಲ್ಲಿಯವರೆಗೆ ಅಕ್ಕನಿಗೂ ಗೊತ್ತಿರಲಿಲ್ಲ.