ಅಕ್ಕನ ಬಲಗೈ ಬಳೆಯ ಅಳತೆ

ಕಳೆದ ತಿಂಗಳು ಕ್ಯಾಲನೂರಿನಲ್ಲಿ ಒಂದು ಬಳೆ ಒಡೆಯಿತು. ಆ ಸದ್ದು ಇವತ್ತಿಗೂ ನನ್ನ ಕಿವಿಯಿಂದ ಹೋಗಿಲ್ಲ.

ನಮ್ಮಕ್ಕನ ಮಗಳ ಮದುವೆಗೆ ಮುಂಚಿನ ಬಳೆ ಶಾಸ್ತ್ರ. ಮುಳಬಾಗಿಲಿನ ಬಳೆಗಾರ ಚಾಪೆ ಮೇಲೆ ಬಳೆ ಹರಡಿಕೊಂಡು ಕೂತಿದ್ದ. ಅಕ್ಕ ಎಡಗೈ ನೀಡಿದಳು. ಎರಡೂಕಾಲು ಸೈಜು ಸಲೀಸಾಗಿ ಹೋಯಿತು. ಆಮೇಲೆ ಬಲಗೈ ನೀಡಿ, "ಇದಕ್ಕೆ ದೊಡ್ಡದು ಹಾಕಪ್ಪ, ಎರಡೂಮುಕ್ಕಾಲು" ಅಂದಳು.

"ಏಮಮ್ಮಾ, ಒಂದೊಂದು ಕೈಗೆ ಒಂದೊಂದು ಅಳತೆನಾ? ಎಡಗೈಗಿಂತ ಇದೇ ಸಣ್ಣಗೈತೆ!"

"ನಿಂಗೇನು ಗೊತ್ತು? ಮೊರದಗಲ ಬಾತ್ಕೊಂಡೈತೆ. ಹಾಕು ನೀನು."

ಹಾಕಿದ. ಅಕ್ಕ ಏಳುವಾಗ ಕೈ ಇಳಿಬಿಟ್ಟಳು. ಬಳೆ ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಮದುವೆ ಮನೆಯಲ್ಲಿ!

"ಈ ಕೈಲಿ ಮಗಳಿಗೆ ಧಾರೆ ಎರೀತಾಳಾ?" ಯಾರೋ ಹೆಂಗಸು ಪಿಸುಗುಟ್ಟಿದಳು. ಭಾವ ನಕ್ಕರು: "ಹಾಲು ಕರೆಯೋಕಾಗದ ಕೈಗೆ ದೊಡ್ಡ ಸೈಜು ಬೇರೆ ಕೇಡು."

(ಭಾವನನ್ನು ಬೈಯಬೇಡಿ. ಅಂಥ ಮಾತು ನಾನೂ ಆಡಿದ್ದೇನೆ.)

ಎರಡು ವರ್ಷದ ಹಿಂದೆ ಅಕ್ಕ ಹಾಲಿನ ಕ್ಯಾನ್ ಸಮೇತ ಡೇರಿ ಮೆಟ್ಟಿಲ ಮೇಲೆ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿದ್ದಳು. ಮೂಳೆ ಕೂಡಿತು, ನೋವು ಹೋಗಲಿಲ್ಲ. ಸೆರಗು ತಾಕಿದರೂ ಉರಿ ಅನ್ನುತ್ತಿದ್ದಳು. "ಎಕ್ಸ್‌ರೇಲಿ ಏನೂ ಇಲ್ವಲ್ಲಕ್ಕಾ, ಇನ್ನೂ ಎಷ್ಟು ದಿನ ಈ ರಾಗ?" ಅಂದವನು ನಾನೇ. ನಿಮ್ಮ ಮನೆಯಲ್ಲಿ ಯಾರಿಗೂ ಹೀಗೆ ಅಂದಿಲ್ಲವೇ? ನಿಜ ಹೇಳಿ.

ಬಳೆ ಒಡೆದ ಮರುದಿನ ಕೋಲಾರದ ಫಿಸಿಯೋಥೆರಪಿ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಆಕೆ ಅಕ್ಕನ ಕಣ್ಣು ಮುಚ್ಚಿಸಿ, ಬಲ ಅಂಗೈ ಎಷ್ಟಗಲ ಇದೆ, ಎಡಗೈಯಲ್ಲಿ ತೋರಿಸಿ ಅಂದರು. ಅಕ್ಕ ಪೂರ್ತಿ ಒಂದು ಗೇಣು ಚಾಚಿದಳು!

"ನಾಟಕ ಅಲ್ಲ ಇದು" ಅಂದರು ಡಾಕ್ಟರಮ್ಮ. "ಮಿದುಳಿನಲ್ಲಿ ನಮ್ಮ ಮೈಯದೊಂದು ನಕ್ಷೆ ಇರುತ್ತೆ. ನೋವು ವರ್ಷಗಟ್ಟಲೆ ಉಳಿದರೆ ಕೆಲವರಿಗೆ ಆ ನಕ್ಷೆನೇ ಏರುಪೇರಾಗುತ್ತೆ. ಕೈ ಇರೋದಕ್ಕಿಂತ ದೊಡ್ಡದು ಅನ್ಸುತ್ತೆ. ಒಮ್ಮೊಮ್ಮೆ ತನ್ನದೇ ಅಲ್ಲ ಅನ್ಸುತ್ತೆ."

ಅಕ್ಕ ಕೇಳಿದ್ದು ಒಂದೇ: "ಮದುವೆಗೆ ಹತ್ತು ದಿನ ಐತೆ ತಾಯಿ. ಅಷ್ಟರಲ್ಲಿ ಈ ಕೈ ಚೊಂಬು ಹಿಡೀತದಾ?"

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ, ಅಷ್ಟರಲ್ಲಿ ಆಗಲ್ಲ ಅಂದರು. ಅಕ್ಕ ಮಾತ್ರ ದಿನಾ ಬೆಳಗ್ಗೆ ಕೊಟ್ಟಿಗೆಯಲ್ಲಿ ಚೊಂಬು ಹಿಡಿದು ಅಭ್ಯಾಸ ಮಾಡಿದಳಂತೆ. ದಿನಾ ಚೆಲ್ಲಿದಳಂತೆ.

ಎಡಗೈಯಲ್ಲಿ ಎರೆಯಲು ಹಿರಿಯರು ಒಪ್ಪಲಿಲ್ಲ. ಧಾರೆಯ ಹೊತ್ತಿಗೆ ಚೊಂಬು ಹಿಡಿದದ್ದು ಭಾವನ ಅಕ್ಕ. ನಮ್ಮಕ್ಕ ಹಲ್ಲು ಕಚ್ಚಿಕೊಂಡು, ಅವರ ಮೊಣಕೈಗೆ ಬಲಗೈ ತಾಗಿಸಿ ನಿಂತಳು.

ಮೊನ್ನೆ ಆಲ್ಬಮ್ ಬಂತು. ಧಾರೆಯ ಫೋಟೋದಲ್ಲಿ ಭಾವನ ಅಕ್ಕನ ಮೊಣಕೈ ಹತ್ತಿರ ಅಕ್ಕ ಎಡಗೈ ಬೆರಳಿಟ್ಟು ಕೇಳಿದಳು:

"ಲೇ, ಇಲ್ಲೊಂದು ಬಡಕಲು ಕೈ ಐತಲ್ಲ, ಯಾರ್ದೋ ಇದು?"