ಬಾಗೂರು ನಂಜಪ್ಪನ ಕಾಯಿ ಸುಲಿಯುವ ಯಂತ್ರ

ಬಾಗೂರಿನ ನಂಜಪ್ಪನಿಗೆ ವೆಲ್ಡಿಂಗ್ ಅಂಗಡಿಯೇ ಮನೆ. ಹೆಂಡತಿ ಜಯಲಕ್ಷ್ಮಮ್ಮ ತೀರಿಕೊಂಡ ಮೇಲಂತೂ ಅಂಗಡಿಯ ಹಿಂದಿನ ಮನೆಗೆ ಹೋಗುವುದು ಮಲಗುವುದಕ್ಕೆ ಮಾತ್ರ. ಮಕ್ಕಳಿಲ್ಲ. ಅನ್ನ ಸೀದರೂ ಕೂಗಿ ಹೇಳುವವರಿಲ್ಲ.

ಕಾಯಿ ಸುಲಿಯುವ ಯಂತ್ರವನ್ನು ಅವನು ಮಾಡಿದ್ದು ಅವಳಿಗಾಗಿ. ನೆಟ್ಟ ಹಾರೆಗೆ ತೆಂಗಿನಕಾಯಿ ಕುಕ್ಕಿ ಕುಕ್ಕಿ ಅವಳ ರಟ್ಟೆ ಬಿದ್ದುಹೋಗಿತ್ತು. ಕುಳಿತಲ್ಲೇ ಕಾಲಿನಿಂದ ಮೆಟ್ಟಿದರೆ ಎರಡು ಅಲಗುಗಳು ಮಟ್ಟೆಯನ್ನು ಸೀಳುವಂತೆ ಅದನ್ನು ಮಾಡಿದನು. ಮೊದಮೊದಲು ಅಲಗು ಜಾರುತ್ತಿತ್ತು. "ಮೂತಿನ ಒಸಿ ಒಳಕ್ಕೆ ಬಗ್ಸಬಾರ್ದಾ? ಗಿಣಿ ಕೊಕ್ಕು ನೋಡೇ ಇಲ್ವಾ?" ಎಂದವಳು ಅವಳೇ. ಬಗ್ಗಿಸಿದ ಮೇಲೆ ಕೆಲಸ ಸಲೀಸಾಯಿತು.

ಆ ವರ್ಷ ಆಯುಧಪೂಜೆಗೆ ಯಂತ್ರವನ್ನು ಅಂಗಡಿಯ ಮುಂದಿಟ್ಟು ಕುಂಬಳಕಾಯಿ ಒಡೆದರು. ಆಯುಧವನ್ನು ಮುಚ್ಚಿಟ್ಟು ಪೂಜೆ ಮಾಡುವುದುಂಟೆ? ಬಂದವರಿಗೆಲ್ಲ ಜಯಲಕ್ಷ್ಮಮ್ಮ ಕಾಯಿ ಸುಲಿದು ತೋರಿಸಿದಳು. ಪಕ್ಕದಂಗಡಿಯ ಸುದರ್ಶನ್ ವೀಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದನು. ಮುಂದಿನ ಬೇಸಗೆಯಲ್ಲಿ ಜ್ವರ ಬಂದು ಅವಳು ಉಳಿಯಲಿಲ್ಲ.

ಆಮೇಲೊಂದು ದಿನ ಚನ್ನರಾಯಪಟ್ಟಣದ ಅಂಗಡಿಯೊಂದರಲ್ಲಿ ಅದೇ ಯಂತ್ರ ಹೊರಗಿನ ಕಂಪನಿಯ ಬಣ್ಣ ಬಳಿದುಕೊಂಡು ನಿಂತಿತ್ತು. ಕೊಕ್ಕಿನ ಬಾಗೂ ಹಾಗೆಯೇ. ಪೇಟೆಂಟಿಗೆ ಅರ್ಜಿ ಹಾಕಿದೆ ಎಂಬ ಚೀಟಿ ಬೇರೆ. ನಂಜಪ್ಪನಿಗೆ ಊಟ ಸೇರಲಿಲ್ಲ. ಅವಳ ಬುದ್ಧಿ ಇನ್ನೊಬ್ಬರ ಪಾಲಾಗಬಾರದು; ಪೇಟೆಂಟಿನಲ್ಲಿ ಅವಳ ಹೆಸರಿರಬೇಕು. ಹಾಸನದ ಬಸ್ಸು ಹತ್ತಿ ವಕೀಲೆ ಶರ್ವಾಣಿಯ ಬಳಿಗೆ ಹೋದನು.

"ಅರ್ಜಿ ಹಾಕೋ ಮುಂಚೆ ಯಾರಿಗಾದ್ರೂ ತೋರಿಸಿದ್ರಾ?" ಎಂದು ಅವಳು ಕೇಳಿದಳು.

"ಯಾರ್ಗಾದ್ರೂ ಅಂದ್ರೆ? ಊರ್ಗೇ ತೋರಿಸ್ದೊ ಕಣವ್ವಾ. ಪೂಜೆ ಮಾಡ್ದೊ, ಯೂಟ್ಯೂಬ್ಗೂ ವೀಡಿಯೊ ಹಾಕ್ದೊ!"

ಶರ್ವಾಣಿ ಪೆನ್ನು ಕೆಳಗಿಟ್ಟಳು. "ಲೋಕ ನೋಡಿಬಿಟ್ಟಿದ್ದಕ್ಕೆ ಪೇಟೆಂಟ್ ಸಿಗಲ್ಲ ನಂಜಪ್ಪನವರೇ. ಆದ್ರೆ ಅವರ ಅರ್ಜಿಗಿಂತ ಮುಂಚಿನ ಆ ವೀಡಿಯೊ ಕೊಟ್ಟು ತಕರಾರು ಹಾಕಿದ್ರೆ ಅವರಿಗೂ ಸಿಗದ ಹಾಗೆ ಮಾಡಬಹುದು."

"ಅಂಗಾದ್ರೆ ಕೊನೇಗೆ ಯಾರ್ದು?"

"ಯಾರು ಬೇಕಾದ್ರೂ ಮಾಡ್ಕೋಬಹುದು."

ತಕರಾರು ಹಾಕಿದರು. ವರ್ಷ ಕಳೆದ ಮೇಲೆ ಕಂಪನಿಯ ಅರ್ಜಿ ಬಿದ್ದುಹೋಯಿತು. ಸುದ್ದಿ ಹೇಳಲು ಕರೆಸಿದ ಶರ್ವಾಣಿ ಇನ್ನೊಂದು ದಾರಿ ತೋರಿಸಿದಳು. "ನೀವು ಮಾಡೋ ಯಂತ್ರಕ್ಕೆ ಹೆಸರಿಟ್ಟು ಟ್ರೇಡ್‌ಮಾರ್ಕ್ ಮಾಡಿಸೋಣ. ಆ ಹೆಸರಲ್ಲಿ ಬೇರೆ ಯಾರೂ ಮಾರೋ ಹಾಗಿಲ್ಲ. 'ಜಯಲಕ್ಷ್ಮಮ್ಮ' ಅಂತಲೇ ಇಡಿ."

ಒಂದು ಗಳಿಗೆ ನಂಜಪ್ಪನಿಗೆ ಹಿತವಾಯಿತು. ಮರುಗಳಿಗೆಯಲ್ಲಿ ಸಂತೆಯ ಗಿರಾಕಿಗಳು ಕಿವಿಯಲ್ಲಿ ಕೂಗತೊಡಗಿದರು: 'ಜಯಲಕ್ಷ್ಮಮ್ಮ ಎಷ್ಟುಕ್ ಕೊಡ್ತೀಯ? ತುಕ್ಕು ಇಡ್ದಿದ್ರೂ ಪರ್ವಾಗಿಲ್ಲ, ತೋರ್ಸಯ್ಯ!' ನಾಲ್ಕು ಜನರೆದುರು ಅವನು ಎಂದೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. 'ಇವಳೇ' ಎಂದರೆ ಅವಳು ತಿರುಗುತ್ತಿದ್ದಳು.

"ಬ್ಯಾಡ ಕಣವ್ವಾ," ಎಂದನು. "ಸಂತೇಲಿ ನಿಲ್ಸಿ ಚೌಕಾಸಿ ಮಾಡೋ ಎಸ್ರಲ್ಲ ಅದು."

"ಹಾಗಾದ್ರೆ ಅದು ಅವರ ಉಪಾಯ ಅಂತ ಯಾರಿಗೂ ಗೊತ್ತಾಗಲ್ವಲ್ಲ?"

"ನಂಗೊತ್ತಲ್ಲ."

ಹಾಸನದಿಂದ ಹಿಂತಿರುಗುವಾಗ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಪಕ್ಕದವನು, "ಆಸನ್ದಲ್ಲಿ ಏನ್ ಕೆಲ್ಸ ಇತ್ತಣ್ಣಾ?" ಎಂದು ಮಾತು ತೆಗೆದನು.

"ಏನಿಲ್ಲ, ಸುಮ್ಕೆ," ಎಂದು ನಂಜಪ್ಪ ಕಿಟಕಿಯ ಕಡೆಗೆ ಮುಖ ತಿರುಗಿಸಿದನು.